ಮಡಿಯುಟ್ಟ ಪ್ಲಂಬರ್

ನಮ್ಮ ಚಾಮರಾಜಪೇಟೆಯಲ್ಲಿ ಕೆಲಸ ಕಳೆದುಕೊಳ್ಳುವುದರಲ್ಲಿ ರಾಮಾನುಜನಷ್ಟು ಅನುಭವವಿದ್ದವರು ಮತ್ತೊಬ್ಬರಿರಲಿಲ್ಲ. ಬೇರೆಯವರು ಜೀವಮಾನದಲ್ಲಿ ಒಂದು ಸಲ, ಹೆಚ್ಚೆಂದರೆ ಎರಡು ಸಲ ಕೆಲಸ ಕಳೆದುಕೊಂಡು ತಲೆಯ ಮೇಲೆ ಕೈ ಹೊತ್ತು ಕೂರುತ್ತಾರೆ. ರಾಮಾನುಜ ಹೆಚ್ಚುಕಡಿಮೆ ತಿಂಗಳಿಗೊಮ್ಮೆ ಕಳೆದುಕೊಳ್ಳುತ್ತಿದ್ದ. ಅದೂ ಒಂದೇ ಕೆಲಸವನ್ನು.

ಆ ಕೆಲಸವಿದ್ದದ್ದು ಚಿಕ್ಕಪೇಟೆಯಲ್ಲಿ, ಅವನ ಹೆಂಡತಿ ಸುಪ್ರಜಾಳ ಅಣ್ಣನ ಲಗ್ನಪತ್ರಿಕೆಯ ಅಂಗಡಿಯಲ್ಲಿ. ಅಣ್ಣನ ಹೆಸರು ಶ್ರೀನಿವಾಸ, ಪೇಟೆಗೆಲ್ಲ ಶೀನಣ್ಣ. ಅಂಗಡಿಯಲ್ಲಿ ರಾಮಾನುಜನಿಗೆ ಮ್ಯಾನೇಜರ್ ಎಂಬ ಪದವಿಯಿತ್ತು. ಯಾವುದೋ ಮದುವೆಯ ಕಾಗದ ಸ್ವಲ್ಪ ಉಳಿದಿತ್ತೆಂದು ಶೀನಣ್ಣ ಅವನಿಗೊಂದು ವಿಸಿಟಿಂಗ್ ಕಾರ್ಡನ್ನೂ ಅಚ್ಚು ಹಾಕಿಸಿಕೊಟ್ಟಿದ್ದ. ಅದರ ಹಿಂಬದಿಯಲ್ಲಿ ಗಣಪತಿಯ ಅರ್ಧ ಸೊಂಡಿಲು ಹಾಗೇ ಉಳಿದುಕೊಂಡಿತ್ತು.

ರಾಮಾನುಜ ಕಳ್ಳನಲ್ಲ, ಸೋಮಾರಿಯೂ ಅಲ್ಲ. ಅವನಿಗಿದ್ದದ್ದು ಅದಲುಬದಲಿನ ಕಾಯಿಲೆ. ಒಮ್ಮೆ ಮಲ್ಲೇಶ್ವರದ ಹುಡುಗಿಯ ಪತ್ರಿಕೆಗೆ ಜಯನಗರದ ಛತ್ರದ ವಿಳಾಸ ಹಾಕಿಸಿಬಿಟ್ಟ. ಹುಡುಗಿಯ ಕಡೆಯ ಅರ್ಧ ಬಳಗ ಜಯನಗರಕ್ಕೆ ಹೋಗಿ, ಗುರುತು ಪರಿಚಯವಿಲ್ಲದ ವಧೂವರರಿಗೆ ಅಕ್ಷತೆ ಹಾಕಿ, ಎರಡೆರಡು ಹೋಳಿಗೆ ಹಾಕಿಸಿಕೊಂಡು ಉಂಡು ಬಂತು. ಊಟದ ಬಗ್ಗೆ ಯಾರದೂ ತಕರಾರಿರಲಿಲ್ಲ. ತಕರಾರಿದ್ದದ್ದು ಎರಡೂ ಕಡೆಯ ಹೆಣ್ಣಿನ ತಂದೆಯರದು. ಅವರಿಬ್ಬರೂ ಒಟ್ಟಿಗೆ ಅಂಗಡಿಗೆ ಬಂದ ದಿನ ಶೀನಣ್ಣ ಗಲ್ಲಾದ ಹಿಂದಿನಿಂದ ಎದ್ದು ನಿಂತು ತನ್ನ ಮಾಮೂಲಿ ಮಾತನ್ನು ಹೇಳಿದ.

"ನಾಳೆಯಿಂದ ಬರಬೇಡ!"

ಇದಾದ ಮೇಲಿನ ಕ್ರಮವೂ ಮಾಮೂಲಿಯೇ. ರಾಮಾನುಜ ಮನೆಗೆ ಬಂದು ಮೂಲೆ ಹಿಡಿದು ಕೂರುತ್ತಿದ್ದ. ಸುಪ್ರಜಾ ಒಂದೂ ಮಾತಾಡದೆ ಬಾಣಲೆ ಇಟ್ಟು ಕೋಡುಬಳೆ ಕರಿದು, ಡಬ್ಬಿಗೆ ತುಂಬಿಕೊಂಡು ಅಣ್ಣನ ಮನೆಗೆ ಹೋಗುತ್ತಿದ್ದಳು. ಶೀನಣ್ಣನಿಗೆ ತಂಗಿಯ ಕೋಡುಬಳೆಯೆಂದರೆ ಪ್ರಾಣ. ಡಬ್ಬಿ ಖಾಲಿಯಾಗುವ ಹೊತ್ತಿಗೆ ರಾಮಾನುಜನ ಕೆಲಸ ವಾಪಸು ಸಿಕ್ಕಿರುತ್ತಿತ್ತು. ಸರಕಾರಿ ನೌಕರರಿಗೆ ಸರಕಾರದ ಭದ್ರತೆ, ಬ್ಯಾಂಕಿನವರಿಗೆ ಯೂನಿಯನ್ನಿನ ಭದ್ರತೆ; ರಾಮಾನುಜನ ನೌಕರಿ ಮಾತ್ರ ಕಡಲೆಕಾಯಿ ಎಣ್ಣೆಯ ಮೇಲೆ ನಿಂತಿತ್ತು.

ಛತ್ರದ ಪ್ರಕರಣವಾದ ಮೇಲೆ ಸುಪ್ರಜಾ ಅಣ್ಣನ ಮನೆಯಿಂದ ಬಂದವಳು ಖಾಲಿ ಡಬ್ಬಿಯನ್ನು ಕೆಳಗಿಟ್ಟು ಗಂಡನ ಎದುರಿಗೆ ಕುಳಿತಳು.

"ರೀ, ಇದೇ ಕೊನೆ. ಇನ್ಮೇಲೆ ನಾನು ಬಾಣಲೆ ಇಡಲ್ಲ."

"ಯಾಕೆ, ಎಣ್ಣೆ ಜಾಸ್ತಿ ಆಯ್ತಾ?"

"ಎಣ್ಣೆ ವಿಷ್ಯ ಅಲ್ಲ. ಅಣ್ಣನ ಮನೆ ಬಾಗಿಲಲ್ಲಿ ನಿಂತ್ರೆ ಅತ್ತಿಗೆ ನನ್ನ ಮುಖ ನೋಡಲ್ಲ, ಕೈಯಲ್ಲಿರೋ ಡಬ್ಬಿ ನೋಡ್ತಾರೆ. ನನಗೂ ತವರಿಗೆ ಸುಮ್ನೆ ಹೋಗಿ ಸುಮ್ನೆ ಕೂತು ಬರೋಣ ಅಂತ ಆಸೆ ಇರಲ್ವಾ? ಮದುವೆ ಆದಾಗಿಂದ ಏನಾದ್ರೂ ಕೇಳೋಕೇ ಹೋಗ್ತಿದೀನಿ ನಾನು."

ಅವಳ ಕಣ್ಣು ತುಂಬಿತ್ತು. ರಾಮಾನುಜನಿಗೆ ಗಾಬರಿಯಾಯಿತು.

"ಏನ್ ಮಾಡ್ಲಿ ಹೇಳು ಮತ್ತೆ?"

"ಕೈಯಲ್ಲೊಂದು ಕೆಲಸ ಕಲೀರಿ. ಬರಬೇಡ ಅಂದ್ರೆ ಎದ್ದು ಬರೋ ಹಾಗಿರೋ ಕೆಲಸ. ಅಲ್ಲೀವರೆಗೂ ಬಾಯಿ ಮುಚ್ಕೊಂಡು ಅಂಗಡಿಗೆ ಹೋಗಿ. ಇನ್ನೊಂದು ಸಲ ಅಣ್ಣ ಕಳಿಸಿದ್ರೆ ವಾಪಸ್ ಸೇರಿಸೋಳು ನಾನಲ್ಲ."

ರಾಮಾನುಜ ಹೊಸ ವಿದ್ಯೆಯ ಬೇಟೆಗೆ ಹೊರಟ. ಮೊದಲು ಗಡಿಯಾರ ರಿಪೇರಿ. ಎದುರುಮನೆಯ ನರಸಿಂಹಯ್ಯನವರ ಕೈಗಡಿಯಾರವನ್ನು ಬಿಚ್ಚಿ ಹರಡಿಕೊಂಡಿದ್ದಾಗ ಅವನಿಗೆ ಒಂದು ಸೀನು ಬಂತು. ಆ ಗಡಿಯಾರದ ಒಂದು ಚಕ್ರ ಇವತ್ತಿಗೂ ಸಿಕ್ಕಿಲ್ಲ. ಆಮೇಲೆ ಹೊಲಿಗೆ ಕಲಿಯಲು ಹೋದ. ಅಲ್ಲಿ ಅದಲುಬದಲಿನ ಕಾಯಿಲೆ ಮತ್ತೆ ಕಾಣಿಸಿಕೊಂಡು ಎರಡೂ ಬಲಗೈ ತೋಳಿರುವ ಒಂದು ಶರ್ಟು ಹುಟ್ಟಿತು. ಸಂಗೀತದ ಪಾಠ ಹೇಳಿಕೊಡಬಹುದೇ ಎಂದೂ ಒಂದು ದಿನ ಯೋಚಿಸಿದ. ಅವನು ಹಾಡಿ ತೋರಿಸಿದ ಮೇಲೆ ಸುಪ್ರಜಾಳೇ ಆ ಯೋಚನೆಯನ್ನು ಕೈಬಿಡಿಸಿದಳು.

ಹೀಗಿರುವಾಗ ಒಂದು ಭಾನುವಾರ ಅವರ ಬಚ್ಚಲಿನ ನಲ್ಲಿ ಕಿತ್ತುಕೊಂಡಿತು. ಕಾವೇರಿ ನೀರು ದಿನ ಬಿಟ್ಟು ದಿನ ಬೆಳಗಿನ ಜಾವ ಬರುತ್ತಿದ್ದ ಕಾಲ. ಅದೂ ವ್ಯರ್ಥವಾಗಿ ಹರಿದುಹೋದರೆ ಮನೆಯಲ್ಲಿ ಸೂತಕದ ವಾತಾವರಣ. ಪ್ಲಂಬರ್ ದೊಡ್ಡಬೈರಪ್ಪನಿಗೆ ಹೇಳಿ ಕಳಿಸಿದರು. "ನಾಳೆ ಬರ್ತೀನಿ" ಎಂದ. ಬರಲಿಲ್ಲ. ಮಾರನೆಯ ದಿನವೂ ಹಾಗೇ ಹೇಳಿದ, ಹಾಗೇ ಬರಲಿಲ್ಲ. ಕಡೆಗೊಂದು ದಿನ ತನಗೆ ಬೇಕಾದಾಗ ಲೂನಾ ಮೇಲೆ ಬಂದಿಳಿದ. ಅಷ್ಟು ದಿನ ಅವನನ್ನು ಬಾಯಿಗೆ ಬಂದಂತೆ ಬೈದಿದ್ದ ಸುಪ್ರಜಾ "ಬನ್ನಿ ಬನ್ನಿ ಬೈರಪ್ಪನೋರೆ" ಎಂದು ಕುರ್ಚಿ ಹಾಕಿ, ಹೊಸ ಡಿಕಾಕ್ಷನ್ ಇಳಿಸಿ ಕಾಫಿ ಕೊಟ್ಟಳು.

ರಾಮಾನುಜ ಬಾಗಿಲಿಗೊರಗಿ ನಿಂತು ಇದನ್ನೆಲ್ಲ ನೋಡಿದ. ನಾನು ದಿನವೂ ಹೋಗುತ್ತೇನೆ, ನನಗೆ ಬರಬೇಡ ಎನ್ನುತ್ತಾರೆ. ಇವನು ಬರುವುದೇ ಇಲ್ಲ, ಇವನಿಗೆ ಕಾಫಿ ಕೊಡುತ್ತಾರೆ! ಅವನು ಬೈರಪ್ಪನ ಲೂನಾ ಹಿಂದೆ ಬೀದಿ ಕೊನೆಯವರೆಗೂ ಓಡಿದ.

"ನನಗೂ ಕಲಿಸ್ತೀರಾ ಈ ಕೆಲಸ?"

ಬೈರಪ್ಪ ಲೂನಾ ನಿಲ್ಲಿಸಿ ಅವನ ಮೃದುವಾದ ಅಂಗೈಗಳನ್ನು ನೋಡಿದ. "ಸ್ವಾಮಿ, ನೀವು ಲಗ್ನಪತ್ರಿಕೆ ಮ್ಯಾನೇಜರು. ನಿಮಗ್ಯಾಕೆ ಬಚ್ಚಲ ಸಾವಾಸ?"

"ಬೈರಪ್ಪನೋರೆ, ನಿಮ್ಮನ್ನ ಯಾರಾದ್ರೂ ನಾಳೆಯಿಂದ ಬರಬೇಡ ಅಂದಿದಾರಾ?"

ಬೈರಪ್ಪ ತಲೆ ಕೆರೆದುಕೊಂಡ. "ಇಲ್ಲ. ಯಾಕೆ ಬರಲಿಲ್ಲ ಅಂತಾನೇ ಎಲ್ಲಾರೂ ಕೇಳಾದು."

"ನನಗೂ ಅದೇ ಬೇಕು," ಎಂದ ರಾಮಾನುಜ. ಬೈರಪ್ಪ ನಕ್ಕು, ಹಿಂದಿನ ಸೀಟು ತೋರಿಸಿದ.

ಭಾನುವಾರಗಳಲ್ಲಿ ಪಾಠ ಶುರುವಾಯಿತು. "ಈ ಕೆಲಸದಲ್ಲಿ ಎರಡೇ ವಿಷ್ಯ ಸ್ವಾಮಿ. ಒಂದು, ಮೊದ್ಲು ಮೇನ್ ವಾಲ್ವ್ ಬಂದ್ ಮಾಡೋದು. ಎರಡು, ಒಂದನ್ನ ಮರೀದೇ ಇರೋದು," ಎಂದು ಬೈರಪ್ಪ ಮೊದಲೇ ಹೇಳಿದ್ದ. ಕಾಟನ್‌ಪೇಟೆಯ ಒಂದು ಉಗ್ರಾಣದಲ್ಲಿ ರಾಮಾನುಜ ಎರಡನ್ನೂ ಮರೆತು ನಲ್ಲಿ ಬಿಚ್ಚಿ, ಸೂರಿಗೆ ತಾಗುವಂಥ ಕಾರಂಜಿ ಎಬ್ಬಿಸಿದ. ಅದೊಂದು ಬಿಟ್ಟರೆ ಆಶ್ಚರ್ಯವೆನ್ನುವಂತೆ ಕೆಲಸ ಅವನ ಕೈಗೆ ಹತ್ತಿತು. ನನಗೆ ತೋರುವ ಕಾರಣ ಇಷ್ಟೇ: ನಲ್ಲಿಯ ಮೇಲೆ ವಧುವಿನ ಹೆಸರೂ ಇರುವುದಿಲ್ಲ, ವರನ ಹೆಸರೂ ಇರುವುದಿಲ್ಲ.

ಆದರೆ ಮ್ಯಾನೇಜರ್ ಎನ್ನಿಸಿಕೊಂಡವನು ಪೈಪ್ ರೆಂಚ್ ಹಿಡಿದುಕೊಂಡು ಬೀದಿಯಲ್ಲಿ ಓಡಾಡುವುದು ಹೇಗೆ? ಶೀನಣ್ಣನ ಕಿವಿಗೆ ಬಿದ್ದರೆ ಕಲಿಯುವುದು ಮುಗಿಯುವ ಮೊದಲೇ ಇದ್ದದ್ದೂ ಹೋಗುತ್ತದೆ. ರಾಮಾನುಜ ಅಟ್ಟದಿಂದ ಅಪ್ಪನ ಕಾಲದ ಒಂದು ಬಟ್ಟೆ ಚೀಲ ಇಳಿಸಿದ. ಅದನ್ನು ಅಪ್ಪ ಯಾತ್ರೆಗೆ ಒಯ್ಯುತ್ತಿದ್ದರು. ಮೇಲೆ ಶಂಖ ಚಕ್ರಗಳ ಕಸೂತಿ ಇತ್ತು. ಸಾಮಾನೆಲ್ಲ ಅದರೊಳಗೆ ಸೇರಿತು. ಪ್ಯಾಂಟು ನೆನೆದರೆ ಒಣಗುವುದಿಲ್ಲವೆಂದು ಪಂಚೆ ಉಟ್ಟ. ಬೆಳಿಗ್ಗೆ ಸ್ನಾನ ಮಾಡಿ ಹಣೆಗೆ ನಾಮ ಇಡುವುದು ಅವನ ಮೊದಲಿನ ಅಭ್ಯಾಸವೇ. ಮುಂದಾದ ಅನಾಹುತಕ್ಕೆಲ್ಲ ಈ ವೇಷವೇ ಕಾರಣ.

ಅವನಿಗೆ ಮೊದಲ ಸ್ವಂತ ಕೆಲಸ ಕೊಟ್ಟವರು ಬಸವನಗುಡಿಯ ಅಂಬುಜಮ್ಮನವರು. ಯಜಮಾನರು ದೊಡ್ಡ ಜಡ್ಜ್ ಆಗಿದ್ದು ತೀರಿಕೊಂಡಿದ್ದರು. ತೀರ್ಪು ಕೊಡುವ ಅಧಿಕಾರ ಅಂಬುಜಮ್ಮನವರಿಗೆ ಬಂದಿತ್ತು. ಅವರ ಮಡಿ ಅಂದರೆ ಮಡಿ. ಅಡಿಗೆಮನೆಯ ನಲ್ಲಿ ವರ್ಷಗಳಿಂದ ತೊಟ್ಟಿಕ್ಕುತ್ತಿದ್ದರೂ ಯಾವ ಪ್ಲಂಬರನ್ನೂ ಹೊಸ್ತಿಲು ದಾಟಿಸಿರಲಿಲ್ಲ.

"ನಮ್ಮಪ್ಪನ ಕಾಲದಿಂದ ಆ ಮನೆ ಕೆಲಸ ನಮ್ದೇ ಸ್ವಾಮಿ," ಎಂದ ಬೈರಪ್ಪ. "ಹೊರಗಡೆ ಪೈಪೆಲ್ಲ ನಂದು, ಒಳಗಡೆ ನಲ್ಲಿ ಮಾತ್ರ ದೇವರದ್ದು. ಅದೇ ನೀರು ನನ್ನ ಪೈಪಲ್ಲಿ ಬಂದ್ರೆ ಕುಡೀತಾರೆ, ನಾನು ಬಂದ್ರೆ ಆಗಲ್ಲ. ನೀವು ಹೋಗಿ, ನಿಮಗೆ ಬಿಡ್ತಾರೆ."

ಇದನ್ನು ಹೇಳುವಾಗ ಬೈರಪ್ಪ ನಗುತ್ತಲೇ ಇದ್ದ. ನಗು ಕಣ್ಣಿನವರೆಗೆ ಹೋಗಿರಲಿಲ್ಲ. ರಾಮಾನುಜ ಚೀಲವನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ.

ಅಂಬುಜಮ್ಮನವರು ಬಾಗಿಲಲ್ಲೇ ವಿಚಾರಣೆ ನಡೆಸಿ, ಗೋತ್ರ ಕೇಳಿ, ಬಾವಿಕಟ್ಟೆಗೆ ಕಳಿಸಿ, ತಲೆಯ ಮೇಲೆ ತಣ್ಣೀರು ಹುಯ್ಯಿಸಿ, ಒದ್ದೆ ಪಂಚೆಯಲ್ಲೇ ಅವನನ್ನು ಒಳಗೆ ಬಿಟ್ಟುಕೊಂಡರು. ಪೈಪ್ ರೆಂಚಿಗೂ ಸ್ನಾನವಾಯಿತು. ನಲ್ಲಿಯ ತಿರುಪಿಗೆ ಸುತ್ತುವ ಬಿಳಿಯ ಟೇಪು ನೋಡಿ ಅವರು ಹುಬ್ಬೇರಿಸಿದರು.

"ಇದೇನಿದು? ಯಾರ್ಯಾರು ಮುಟ್ಟಿದ್ದೋ?"

"ಇದು ಒಂಥರಾ ರೇಷ್ಮೆ ಜಾತಿ ಅಮ್ಮ," ಎಂದ ರಾಮಾನುಜ, ಚಳಿಗೆ ಹಲ್ಲು ಕಟಕಟ ಎನ್ನುತ್ತಾ.

"ರೇಷ್ಮೆ ಆದ್ರೆ ಸರಿ. ರೇಷ್ಮೆಗೆ ಮೈಲಿಗೆ ಇಲ್ಲ."

ನಲ್ಲಿಯ ಹಳೆಯ ತಿರುಪು ಮಾತ್ರ ಅಲ್ಲಾಡಲಿಲ್ಲ. ಹಿತ್ತಲಲ್ಲಿ ನಿಂತಿದ್ದ ಬೈರಪ್ಪ ಕಿಟಕಿಯ ಸರಳಿನಾಚೆಯಿಂದ "ಎಡಕ್ಕೆ ಸ್ವಾಮಿ, ಎಡಕ್ಕೆ! ಮೆತ್ತಗೆ ತಟ್ಟಿ!" ಎಂದು ಕೂಗಿ ಹೇಳತೊಡಗಿದ. ರಾಮಾನುಜ ಅಂಬುಜಮ್ಮನವರ ಮುಖ ನೋಡಿದ. ಮಾತಿಗೂ ಮೈಲಿಗೆ ಉಂಟೋ ಇಲ್ಲವೋ ಶಾಸ್ತ್ರದಲ್ಲಿ ಏನಿದೆಯೋ ನನಗೆ ತಿಳಿಯದು. ಅಂಬುಜಮ್ಮನವರು ತೊಟ್ಟಿಕ್ಕುವ ನಲ್ಲಿಯನ್ನೊಮ್ಮೆ ನೋಡಿ, ಇಲ್ಲವೆಂದು ಅಲ್ಲೇ ತೀರ್ಪು ಕೊಟ್ಟರು. ಬೈರಪ್ಪ ಹೊರಗಿನಿಂದ ಹೇಳಿದ, ರಾಮಾನುಜ ಒಳಗೆ ಮಾಡಿದ, ಅರ್ಧ ಗಂಟೆಯಲ್ಲಿ ನಲ್ಲಿ ಬಾಯಿ ಮುಚ್ಚಿತು. ಕಿವಿಗೆ ಅಭ್ಯಾಸವಾಗಿದ್ದ ತೊಟಕ್ ತೊಟಕ್ ಶಬ್ದ ನಿಂತದ್ದಕ್ಕೆ ಅಂಬುಜಮ್ಮನವರಿಗೆ ಆ ಮಧ್ಯಾಹ್ನ ನಿದ್ದೆಯೇ ಬರಲಿಲ್ಲವಂತೆ.

ಬಸವನಗುಡಿಯ ಮಡಿ ಹೆಂಗಸರಿಗೆಲ್ಲ ಸುದ್ದಿ ಮುಟ್ಟಲು ಒಂದು ಹರಿಕಥೆ ಸಾಕಾಯಿತು. ಗಾಂಧಿಬಜಾರಿನ ಸುತ್ತಮುತ್ತ ಅಷ್ಟೊಂದು ನಲ್ಲಿಗಳು ಅಷ್ಟು ವರ್ಷಗಳಿಂದ ಗುಟ್ಟಾಗಿ ಸೋರುತ್ತಿದ್ದವೆಂದು ಯಾರಿಗೆ ಗೊತ್ತಿತ್ತು? ಅಂಗಡಿ ತೆರೆಯುವ ಮುಂಚೆ ರಾಮಾನುಜ ಬೆಳಗಿನ ಜಾವವೇ ಎದ್ದು ಒಂದೋ ಎರಡೋ ಮನೆ ಮುಗಿಸುತ್ತಿದ್ದ. ಆ ಮನೆಯವರು ಬರಿಯ ಕೂಲಿಯನ್ನು ಕೈಗೆ ಹಾಕಲು ಮನಸ್ಸು ಬಾರದೆ, ಎಲೆ ಅಡಿಕೆ, ಬಾಳೆಹಣ್ಣು, ತೆಂಗಿನಕಾಯಿಯ ಜೊತೆಗಿಟ್ಟು ಕೊಡುತ್ತಿದ್ದರು. ಬಂದದ್ದರಲ್ಲಿ ಅರ್ಧ ಬೈರಪ್ಪನಿಗೆ. ತೆಂಗಿನಕಾಯಿ ಬೇಡವೆಂದರೆ ಬೈರಪ್ಪನ ಹೆಂಡತಿ ಪಿಳ್ಳಮ್ಮ ಕೇಳುತ್ತಿರಲಿಲ್ಲ.

ಈಗ ಇದನ್ನೇ ಎದುರುಮನೆಯ ನರಸಿಂಹಯ್ಯನವರ ಕಣ್ಣಿನಿಂದ ನೋಡಬೇಕು. ಅವರು ಏಜಿ ಆಫೀಸಿನಿಂದ ನಿವೃತ್ತರಾದ ಮೇಲೆ ಬೀದಿಯ ಲೆಕ್ಕಪರಿಶೋಧನೆ ನಡೆಸುತ್ತಿದ್ದರು. ರಾಮಾನುಜ ಬೆಳಗಿನ ಜಾವ ನಾಮ ಹಾಕಿ, ಪಂಚೆಯುಟ್ಟು, ಶಂಖ ಚಕ್ರದ ಚೀಲ ಹಿಡಿದು ಹೊರಡುತ್ತಾನೆ. ಒದ್ದೆ ತಲೆ, ಒದ್ದೆ ಪಂಚೆಯಲ್ಲಿ, ಕೈಯಲ್ಲಿ ತಾಂಬೂಲ ತೆಂಗಿನಕಾಯಿ ಹಿಡಿದು ವಾಪಸಾಗುತ್ತಾನೆ. ಸುಪ್ರಜಾಳನ್ನು ಕೇಳಿದರೆ "ಯಾರದೋ ಮನೇಲಿ ಕರೆದಿದ್ರು ಮಾವ" ಎಂದಷ್ಟೇ ಹೇಳಿ ಒಳಗೆ ಹೋಗುತ್ತಾಳೆ. ಇದಕ್ಕೆ ಇನ್ನೇನು ಸಾಕ್ಷಿ ಬೇಕು?

"ಪೌರೋಹಿತ್ಯ ಕಣ್ರೀ!" ಎಂದು ನರಸಿಂಹಯ್ಯನವರು ಮೂಲೆಮನೆಯ ತುಳಸಮ್ಮನವರಿಗೆ ಹೇಳಿದರು. "ಅದೂ ಎಂಥಾ ಪೌರೋಹಿತ್ಯ! ಹೋಗಿ ಅರ್ಧ ಗಂಟೇಲಿ ಮುಗಿಸ್ಕೊಂಡು ಬರ್ತಾನೆ."

"ಅರ್ಧ ಗಂಟೆಗೇ?" ತುಳಸಮ್ಮನವರ ಕಣ್ಣು ಅರಳಿತು. ಅವರ ಮಗ ಸೊಸೆ ಇಬ್ಬರೂ ಆಫೀಸಿಗೆ ಹೋಗುವವರು. ಮೂರು ಗಂಟೆಯ ಸತ್ಯನಾರಾಯಣ ಪೂಜೆಯೆಂದರೆ ರಜೆ ಹಾಕಬೇಕಾಗುತ್ತಿತ್ತು.

ಬೀದಿಯ ನಡವಳಿಕೆ ಬದಲಾಯಿತು. ಹಿರಿಯರು ರಾಮಾನುಜನಿಗೆ ದಾರಿ ಬಿಟ್ಟು ನಿಲ್ಲತೊಡಗಿದರು. ಪರೀಕ್ಷೆಗೆ ಹೊರಟ ಹುಡುಗಿಯರು ಕಾಲಿಗೆ ಬಿದ್ದರು. ರಾಮಾನುಜನಿಗೆ ಇದರಲ್ಲಿ ಅನುಮಾನವೇ ಬರಲಿಲ್ಲ. ಪ್ಲಂಬಿಂಗಿನ ಗುಟ್ಟು ಹೇಗೋ ಹೊರಬಿದ್ದಿದೆ, ಜನ ಮೆಚ್ಚಿದ್ದಾರೆ ಎಂದುಕೊಂಡ. "ನೋಡಿದ್ಯಾ, ಕೈಯಲ್ಲಿ ಕೆಲಸ ಇದ್ರೆ ಮರ್ಯಾದೆ ಅದಾಗಿ ಬರತ್ತೆ," ಎಂದು ಹೆಂಡತಿಗೆ ಹೇಳಿದ. ಪ್ಲಂಬರಿನ ಕಾಲಿಗೆ ಬೀಳುವ ಬೀದಿ ಭೂಲೋಕದಲ್ಲಿ ಎಲ್ಲಿದೆ ಎಂದು ಅವಳಿಗೂ ಆಗ ಹೊಳೆಯಲಿಲ್ಲ.

ಶೀನಣ್ಣ ಬಸವನಗುಡಿಯಲ್ಲಿ, ಅಂಬುಜಮ್ಮನವರ ಪಕ್ಕದ ಬೀದಿಯಲ್ಲೇ, ಹೊಸ ಮನೆ ಕಟ್ಟಿಸುತ್ತಿದ್ದ. ಗೃಹಪ್ರವೇಶ ಹತ್ತಿರ ಬಂದಿತ್ತು. ಮೊಮ್ಮಗಳ ಲಗ್ನಪತ್ರಿಕೆಗೆಂದು ಅಂಗಡಿಗೆ ಹೋದ ನರಸಿಂಹಯ್ಯನವರು ಸುದ್ದಿಯನ್ನೂ ಹಾಕಿ ಬಂದರು. ಆ ಸಂಜೆ ಶೀನಣ್ಣ ರಾಮಾನುಜನನ್ನು ಗಲ್ಲಾದ ಹತ್ತಿರ ಕರೆದು, ಎಂದೂ ಇಲ್ಲದೆ ಕುರ್ಚಿ ತೋರಿಸಿದ. ರಾಮಾನುಜ ಕುರ್ಚಿಯ ತುದಿಯಲ್ಲಿ ಕುಳಿತ.

"ನರಸಿಂಹಯ್ಯನೋರು ಎಲ್ಲಾ ಹೇಳಿದ್ರು. ಬೆಳಗಿನ ಹೊತ್ತು ಮನೆಮನೆಗೆ ಹೋಗ್ತಿದೀಯಂತೆ."

"ತಪ್ಪಾಯ್ತು ಭಾವ..."

"ತಪ್ಪೇನು ಬಂತು ಇದರಲ್ಲಿ? ಮನೆತನದ ವಿದ್ಯೆ ತಾನೆ?"

ರಾಮಾನುಜ ಯೋಚಿಸಿದ. ಅವರ ವಂಶದಲ್ಲಿ ಪ್ಲಂಬರ್ ಯಾರೂ ನೆನಪಿಗೆ ಬರಲಿಲ್ಲ. "ನಮ್ಮ ತಾತ ಒಂದು ಬಾವಿ ತೋಡಿಸಿದ್ರು," ಎಂದ.

"ಪುಣ್ಯವಂತರು!" ಎಂದ ಶೀನಣ್ಣ. "ಈಗ ಕೇಳು. ನಮ್ಮ ಹೊಸ ಮನೆ ಕೆಲಸ ನೀನೇ ಮಾಡಿಕೊಡಬೇಕು. ಹೊರಗಿನೋರು ಯಾಕೆ, ಮನೇಲೇ ಜನ ಇರುವಾಗ? ಎಷ್ಟು ಹೊತ್ತು ಹಿಡಿಯತ್ತೆ?"

"ಎಲ್ಲಾ ಸರಿಯಾಗಿದ್ರೆ ಅರ್ಧ ಗಂಟೆ ಭಾವ."

ಶೀನಣ್ಣನ ಮುಖ ಹಣತೆಯಂತೆ ಬೆಳಗಿತು. "ಗೃಹಪ್ರವೇಶದ ದಿನ ಬೆಳಗಿನ ಜಾವವೇ ಬಂದುಬಿಡು. ಸಾಮಾನು ಏನೇನು ತರಿಸಲಿ?"

"ಏನೂ ಬೇಡ. ಎಲ್ಲಾ ನನ್ನ ಚೀಲದಲ್ಲೇ ಇದೆ."

ಶೀನಣ್ಣ ಎದ್ದು ನಿಂತು ಅವನ ಭುಜ ತಟ್ಟಿದ. ರಾಮಾನುಜ ತೇಲುತ್ತಾ ಮನೆಗೆ ಬಂದು ಹೆಂಡತಿಗೆ ವರದಿ ಒಪ್ಪಿಸಿದ. "ನಮ್ಮಣ್ಣ ಸಂತೋಷಪಟ್ಟನಾ? ಪ್ಲಂಬಿಂಗ್‌ಗೆ?" ಎಂದು ಸುಪ್ರಜಾ ಮೂರು ಸಲ ಕೇಳಿದಳು.

ಗೃಹಪ್ರವೇಶದ ದಿನ ಬೆಳಗಿನ ಜಾವ ಐದಕ್ಕೆ ರಾಮಾನುಜ ದಂಪತಿ ಹೊಸ ಮನೆ ತಲುಪಿದರು. ಸುಪ್ರಜಾಳನ್ನು ಅತ್ತಿಗೆ ಹೂ ಕಟ್ಟಲು ಮಾಳಿಗೆಗೆ ಕಳಿಸಿದಳು. ಮನೆಗೆ ಇನ್ನೂ ಕರೆಂಟು ಬಂದಿರಲಿಲ್ಲ; ಹಾಲಿನಲ್ಲಿ ಎರಡು ದೀಪದ ಕಂಬ ಉರಿಯುತ್ತಿದ್ದವು. ನೆಂಟರು, ನೆರೆಯವರು ಗೋಡೆಗೊರಗಿ ಕುಳಿತಿದ್ದರು. ಅಂಬುಜಮ್ಮನವರೂ ಅವರ ಮಡಿ ಬಳಗವೂ ಯಾರಿಗೂ ತಗುಲದಂತೆ ಒಂದು ಮೂಲೆಯಲ್ಲಿ ಗುಂಪಾಗಿತ್ತು. ನರಸಿಂಹಯ್ಯನವರು ರಾಮಾನುಜನನ್ನು ಕೈಹಿಡಿದು ಕರೆತಂದು ನಟ್ಟನಡುವೆ ಮಣೆಯ ಮೇಲೆ ಕೂರಿಸಿದರು. ಎದುರಿಗೆ ನೆಲದ ಮೇಲೆ ಇಟ್ಟಿಗೆ ಜೋಡಿಸಿ ಮರಳು ಸುರಿದಿತ್ತು. ಅದು ಹೋಮಕುಂಡ. ರಾಮಾನುಜನಿಗೆ ಆ ಮಂಕು ಬೆಳಕಿನಲ್ಲಿ ಬೇರೆ ಕಂಡಿತು: ಅಯ್ಯೋ ಪಾಪ, ಹೊಸ ಮನೆ ನೆಲ ಆಗಲೇ ಅಗೆದುಬಿಟ್ಟಿದ್ದಾರೆ, ಸೋರಿಕೆ ಒಳಗಡೆಯೇ ಇರಬೇಕು.

ಅವನು ಚೀಲ ಬಿಚ್ಚಿ ಪೈಪ್ ರೆಂಚನ್ನು ಹೊರತೆಗೆದು ಬಾಳೆಲೆಯ ಮೇಲಿಟ್ಟ. ಅದರ ಪಕ್ಕಕ್ಕೆ ಎರಡು ಸ್ಪ್ಯಾನರ್, ಒಂದು ಗರಗಸ, ಬಿಳಿಯ ಟೇಪು.

ನೆಂಟರಲ್ಲಿ ಗುಜುಗುಜು ಎದ್ದಿತು. ನರಸಿಂಹಯ್ಯನವರು ಕೈಯೆತ್ತಿ ಸುಮ್ಮನಾಗಿಸಿದರು. "ವಾಸ್ತುಪುರುಷನಿಗೆ ಆಯುಧ ಪ್ರೀತಿ. ಈಗಿನ ಪುರೋಹಿತರು ಇದನ್ನೆಲ್ಲ ಬಿಟ್ಟೇಬಿಟ್ಟಿದಾರೆ. ಇದು ಹಳೇ ಪದ್ಧತಿ." ಎಲ್ಲರೂ ಕೈಮುಗಿದರು. ನಲ್ಲಿಯವನಿಗೆ ಪೌರೋಹಿತ್ಯವೂ ಬರುತ್ತದಲ್ಲ ಎಂದು ಮಡಿ ಬಳಗ ಮೆಚ್ಚಿಕೊಂಡಿತು. ಶೀನಣ್ಣನ ಹೆಂಡತಿ ಭಕ್ತಿಯಿಂದ ಬಂದು ಪೈಪ್ ರೆಂಚಿಗೆ ಅರಿಶಿನ ಕುಂಕುಮ ಹಚ್ಚಿ, ಗರಗಸಕ್ಕೆ ಒಂದು ಸೇವಂತಿಗೆ ಏರಿಸಿದಳು. ಗಂಡ ಹೆಂಡತಿ ಎದುರಿನ ಮಣೆಗಳ ಮೇಲೆ ಕುಳಿತರು.

"ಹೂಂ, ಶುರು ಮಾಡು," ಎಂದ ಶೀನಣ್ಣ.

ರಾಮಾನುಜ ಸುತ್ತಲೂ ನೋಡಿ ಗುರುವನ್ನು ನೆನೆದ. "ಮೊದಲು ಮೇನ್ ವಾಲ್ವ್ ಎಲ್ಲಿದೆ ತೋರಿಸಿ," ಎಂದ.

"ಗೇಟ್ ಪಕ್ಕದಲ್ಲೈತೆ ಸ್ವಾಮಿ!" ಎಂದು ಬಾಗಿಲ ಕಡೆಯಿಂದ ಒಂದು ದನಿ ಬಂತು.

ಗೃಹಪ್ರವೇಶದ ದಿನ ಮನೆ ಕಟ್ಟಿದ ಮೇಸ್ತ್ರಿ, ಬಡಗಿ, ಪ್ಲಂಬರ್ ಎಲ್ಲರಿಗೂ ಪಂಚೆ ಶಲ್ಯ ಕೊಟ್ಟು ಮರ್ಯಾದೆ ಮಾಡುವುದು ಪದ್ಧತಿ. ಹೊಸ ಮನೆಗೆ ಪೈಪು ನಲ್ಲಿ ಹಾಕಿದವನು ದೊಡ್ಡಬೈರಪ್ಪ. ಪಂಚೆಗಾಗಿ ಬಾಗಿಲಲ್ಲಿ ಕಾದಿದ್ದವನು ಈಗ ಮುಖ ಕೆಂಪಗೆ ಮಾಡಿಕೊಂಡು ಒಳಗೇ ಬಂದುಬಿಟ್ಟ.

"ಏನ್ ಶೀನಣ್ಣೋರೆ, ನಾನು ಹಾಕಿರೋ ನಲ್ಲಿ, ಇನ್ನೂ ನೀರೇ ಬಿಟ್ಟಿಲ್ಲ, ಆಗಲೇ ರಿಪೇರಿಗೆ ಬೇರೆ ಪ್ಲಂಬರ್ ಕರೆಸಿದೀರಾ? ಅದೂ ನನ್ನ ಶಿಷ್ಯನ್ನೇ? ಎಲ್ಲಿ ಸೋರ್ತೈತೆ ತೋರಿಸಿ! ಒಂದು ಹನಿ ಸೋರಿದ್ರೆ ಮೀಸೆ ಬೋಳಿಸ್ತೀನಿ!"

ಶೀನಣ್ಣ ಪೈಪ್ ರೆಂಚನ್ನು ನೋಡಿದ, ಅದರ ಮೇಲಿನ ಕುಂಕುಮವನ್ನು ನೋಡಿದ, ಆಮೇಲೆ ರಾಮಾನುಜನನ್ನು ನೋಡಿದ.

"ನೀನು... ಪ್ಲಂಬರಾ?"

"ಹೌದು ಭಾವ. ನಿಮಗೆ ಗೊತ್ತಿತ್ತಲ್ಲ?"

ನರಸಿಂಹಯ್ಯನವರು ಸದ್ದಿಲ್ಲದೆ ಹಿಂದಿನ ಸಾಲಿಗೆ ಸರಿದರು. ಶೀನಣ್ಣ ಮಣೆಯಿಂದ ಎದ್ದ. ಶಲ್ಯ ಕೆಳಗೆ ಬಿತ್ತು. "ಇಷ್ಟು ಜನರ ಮುಂದೆ ನನ್ನ ಮಾನ ಹರಾಜು ಹಾಕಿದೆಯಲ್ಲೋ! ಪುರೋಹಿತ ಅಂತ ನಂಬಿ ಕೂರಿಸಿದ್ರೆ ನಲ್ಲಿ ಬಿಚ್ಚೋನು! ನಾಳೆಯಿಂದ ಅಂಗಡಿ ಕಡೆ ತಲೆ ಹಾಕಬೇಡ! ಬರಬೇಡ!"

ಗಲಾಟೆ ಕೇಳಿ ಸುಪ್ರಜಾ ಮೆಟ್ಟಿಲಿಳಿದು ಬಂದು ನಿಂತಿದ್ದಳು. ನೆಂಟರ ಕತ್ತೆಲ್ಲ ಒಟ್ಟಿಗೆ ಅವಳತ್ತ ತಿರುಗಿತು. ಬಳಗದವರಿಗೆ ಈ ನಾಟಕದ ಮುಂದಿನ ಅಂಕ ಗೊತ್ತಿತ್ತು. ಈಗ ಅವಳು ಅಣ್ಣನ ಕೈಹಿಡಿದು ಅಳಬೇಕು. ಸುಪ್ರಜಾ ಸೆರಗಿನ ತುದಿಯನ್ನು ಬಿಗಿಯಾಗಿ ಹಿಡಿದುಕೊಂಡು ಸುಮ್ಮನೆ ನಿಂತಳು. ಒಂದು ಹೆಜ್ಜೆಯೂ ಮುಂದಿಡಲಿಲ್ಲ. ರಾಮಾನುಜ ಅಭ್ಯಾಸಬಲದಿಂದ ತಪ್ಪಾಯ್ತು ಎನ್ನಲು ಬಾಯಿ ತೆರೆದ.

ಅಷ್ಟರಲ್ಲಿ ಮೂಲೆಯಿಂದ ಅಂಬುಜಮ್ಮನವರ ದನಿ ಬಂತು.

"ರಾಮಾನುಜ, ಹಾಗಾದ್ರೆ ನಾಳೆ ಬೆಳಿಗ್ಗೆ ನೀವು ಬಿಡುವು ತಾನೆ? ನಮ್ಮ ಹಂಡೆ ನಲ್ಲಿ ನೋಡಬೇಕಿತ್ತು."

"ನಾಳೆ ನಮ್ಮನೇಗೆ ಬರ್ತೀನಿ ಅಂದಿದ್ರು ಅಂಬುಜಮ್ಮ!" ಎಂದು ಪಕ್ಕದ ಕಮಲಮ್ಮನವರು ಎದ್ದೇಬಿಟ್ಟರು. "ಸರದಿ ನಂದು!"

"ಸರದಿ ಅಂದ್ರೆ ನಾನು ಹೋದ ಏಕಾದಶಿಯಿಂದ ಕಾಯ್ತಿದೀನಿ," ಎಂದರು ಮತ್ತೊಬ್ಬರು. "ಅಂಗಡಿ ಇದೆ ಅಂಗಡಿ ಇದೆ ಅಂತ ಓಡ್ತಿದ್ರು. ಇನ್ನೇನು, ಇಡೀ ದಿನ ಸಿಗ್ತಾರೆ."

ಯಾರಿಗೂ ತಗುಲದ ಮಡಿ ಬಳಗ ಒಬ್ಬರಿಗೊಬ್ಬರು ತಗುಲಿಕೊಂಡು ಮಣೆಯ ಸುತ್ತ ಮುತ್ತಿತು. ಬಸವನಗುಡಿಯ ಅಷ್ಟು ದೊಡ್ಡ ಮನೆಗಳ ಯಜಮಾನಿಯರು, ತಾನು ಗೇಟಿನಿಂದಲೇ ಕೈಮುಗಿದು ಕರೆತಂದವರು, ತಾನು ಈಗ ತಾನೇ ಹೊರಗೆ ಹಾಕಿದವನಿಗಾಗಿ ಜಗಳವಾಡುವುದನ್ನು ಶೀನಣ್ಣ ಬಾಯಿ ಬಿಟ್ಟು ನೋಡಿದ. ರಾಮಾನುಜ ಹೆಂಡತಿಯ ಕಡೆ ನೋಡಿದ. ಅವಳು ಮೆಲ್ಲಗೆ ತಲೆಯಾಡಿಸಿದಳು.

"ಆಗಲಿ ಭಾವ. ಬರಲ್ಲ," ಎಂದ ರಾಮಾನುಜ. ಅವನಿಗೇ ಅವನ ದನಿ ಹೊಸದಾಗಿ ಕೇಳಿಸಿತು. ಎಷ್ಟು ಸುಲಭದ ಮಾತು, ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದುಕೊಳ್ಳುತ್ತಾ ಕುಂಕುಮದ ಪೈಪ್ ರೆಂಚನ್ನು ಚೀಲಕ್ಕೆ ಸೇರಿಸಿದ.

ಇಷ್ಟೆಲ್ಲ ಆದರೂ ಮುಹೂರ್ತ ಯಾರಿಗಾಗಿಯೂ ಕಾಯುವುದಿಲ್ಲವಲ್ಲ. "ಪುರೋಹಿತರು ಇಲ್ಲದೆ ಈಗ ಗತಿ ಏನು?" ಎಂದು ಶೀನಣ್ಣನ ಹೆಂಡತಿ ಅಳತೊಡಗಿದಾಗ, ಹಿತ್ತಲಿನಿಂದ ಅಡಿಗೆಯವರು ಸೌಟು ಹಿಡಿದುಕೊಂಡೇ ಬಂದರು.

"ನಾನೇ ಮಾಡ್ಲಾ ತಾಯಿ? ನಾನು ಪಾಠಶಾಲೇಲಿ ಕಲಿತೋನು. ಹೋಮಕ್ಕಿಂತ ಹುಳಿಗೆ ಜಾಸ್ತಿ ಜನ ಕರೀತಾರೆ ಅಂತ ಈ ಕಡೆ ಬಂದೆ."

ಸೌಟನ್ನು ಬೈರಪ್ಪನ ಕೈಗೆ ಕೊಡಲು ಹೋಗಿ, ಅಂಬುಜಮ್ಮನವರ ಮುಖ ನೋಡಿ, ರಾಮಾನುಜನ ಕೈಗೆ ಕೊಟ್ಟು ಅವರು ಮಣೆಯ ಮೇಲೆ ಕುಳಿತರು. ಮಂತ್ರಗಳು ಸೊಗಸಾಗಿ ಬಂದವು. ಒಲೆಯ ಮೇಲೆ ಹುಳಿ ಕುದಿಯುತ್ತಿದ್ದುದರಿಂದ ಎಲ್ಲವೂ ಅರ್ಧ ಗಂಟೆಯಲ್ಲೇ ಮುಗಿಯಿತು. ಬೈರಪ್ಪನಿಗೆ ಅವನ ಪಂಚೆ ಸಿಕ್ಕಿತು. ನರಸಿಂಹಯ್ಯನವರು ಪೈಪ್ ರೆಂಚಿಗೆ ಪೂಜೆಯಾದದ್ದರಿಂದಲೇ ಕಾರ್ಯ ನಿರ್ವಿಘ್ನವಾಯಿತೆಂದು ಊಟದ ಪಂಕ್ತಿಯಲ್ಲಿ ವಿವರಿಸಿದರು.

ಆಮೇಲೆ ರಾಮಾನುಜ ಚಿಕ್ಕಪೇಟೆಯ ಕಡೆ ಹೋದದ್ದು ವಾಷರ್ ಕೊಳ್ಳಲು ಮಾತ್ರ. ಅವನ ಮನೆಯಲ್ಲಿ ಫೋನಿರಲಿಲ್ಲ. ಗಿರಾಕಿಗಳೆಲ್ಲ ನರಸಿಂಹಯ್ಯನವರ ಮನೆಗೇ ಮಾಡುತ್ತಿದ್ದರು. ಅವರು ತಾವಾಗಿಯೇ ಈ ಖಾತೆ ವಹಿಸಿಕೊಂಡು "ಯಾವ ಏರಿಯಾ? ಮಡಿಯೋ, ಮಾಮೂಲಿಯೋ?" ಎಂದು ಗತ್ತಿನಿಂದ ಕೇಳಿ ಬರೆದುಕೊಳ್ಳುತ್ತಿದ್ದರು. ಮಾಮೂಲಿಯಾದರೆ ಬೈರಪ್ಪ, ಮಡಿಯಾದರೆ ರಾಮಾನುಜ. ಬರಬರುತ್ತಾ ಮಡಿಯವರ ಪೈಕಿ ಕೆಲವರು, ಸರದಿ ಕಾಯಲಾರದೆ, ನಾವೂ ಮಾಮೂಲಿಯೇ ಎಂದು ಒಪ್ಪಿಕೊಂಡರು. ಹೀಗೆ ಬೈರಪ್ಪ ಒಂದೆರಡು ಅಡಿಗೆಮನೆಗಳನ್ನು ಒಳಗಿನಿಂದ ನೋಡಿದ. "ಅಂಥಾದ್ದೇನೂ ಇಲ್ಲ ಸ್ವಾಮಿ, ನಮ್ಮನೇಲಿರೋ ಡಬ್ಬಗಳೇ," ಎಂದ.

ಗೌರಿ ಹಬ್ಬ ಕಳೆದ ವಾರದಲ್ಲೊಂದು ಬೆಳಿಗ್ಗೆ ಫೋನು ಬಂತು. ನರಸಿಂಹಯ್ಯನವರು ಯಾವ ಏರಿಯಾ ಎಂದು ಕೇಳಿದರು. ಆ ಕಡೆಯ ದನಿ ಮೆಲ್ಲಗೆ "ನಾನು ಶೀನಣ್ಣ" ಎಂದಿತು. ಊರಿನಿಂದ ಅತ್ತೆ ಬಂದಿದ್ದಾರೆ, ಅವರದು ಮಡಿ, ಅಡಿಗೆಮನೆಯ ನಲ್ಲಿ ತಿರುಗುತ್ತಿಲ್ಲ, ಬೈರಪ್ಪ ನಾಲ್ಕು ದಿನದಿಂದ ನಾಳೆ ಬರ್ತೀನಿ ಅಂತಿದ್ದಾನೆ, ರಾಮಾನುಜನವರು ದಯವಿಟ್ಟು ಬರಬೇಕು.

ರಾಮಾನುಜ ಹೊರಟಾಗ ಸುಪ್ರಜಾಳೂ ಸೀರೆ ಬದಲಾಯಿಸಿಕೊಂಡು ಹೊರಟಳು. ಅವನು ನೇರವಾಗಿ ಬಚ್ಚಲಿಗೆ ಹೋಗಿ ತಲೆಗೆ ನೀರು ಹುಯ್ದುಕೊಂಡು ಅಡಿಗೆಮನೆ ಸೇರಿದ. ಒಳಗಿನಿಂದ ಠಣ್ ಠಣ್ ಎಂದು ತಟ್ಟುವ ಸದ್ದು ಕೇಳತೊಡಗಿತು. ಸುಪ್ರಜಾ ಹಾಲಿನ ಹೊಸ ಸೋಫಾದ ಮೇಲೆ ಬೆನ್ನು ಒರಗಿಸಿ ಕುಳಿತಳು.

ಶೀನಣ್ಣ ಅಂಗಡಿಗೆ ಹೊರಟಿದ್ದವನು ತಂಗಿಯನ್ನು ನೋಡಿ, ಹಳೆಯ ಅಭ್ಯಾಸದಿಂದ, ಕೈಗಡಿಯಾರ ನೋಡಿಕೊಳ್ಳುತ್ತಾ ಕೇಳಿದ.

"ಏನಮ್ಮ, ಏನಾಗಬೇಕಿತ್ತು?"

"ನನಗೇನಣ್ಣ ಆಗಬೇಕು?" ಎಂದಳು ಸುಪ್ರಜಾ. "ನೀನೇ ತಾನೆ ಕರೆಸಿದ್ದು?"

ಶೀನಣ್ಣ ಚಪ್ಪಲಿ ಕಳಚಿ ವಾಪಸು ಬಂದು ಅವಳ ಎದುರಿಗೆ ಕುಳಿತು, ಹೇಗಿದ್ದೀಯೆಂದು ಕೇಳಿದ.